ಎಲೆ ತೂಗುವ ಕೆಲಸ

ಪಿರೆನೀಸ್ ಬೆಟ್ಟದ ಈ ಬಡಗಣ ಇಳಿಜಾರಿನಲ್ಲಿ
ಕಾಡಿನ ಉದುರು ತೂಗುವುದು ನನ್ನ ಕೆಲಸ.
ನಾಲ್ಕು ಗೂಟ, ಒಂದು ಬಲೆ, ಸೊಂಟದೆತ್ತರ;
ಅಂಥವು ಇಪ್ಪತ್ತೇಳು.
ತಿಂಗಳಿಗೊಮ್ಮೆ ಬಂದು ಬಿದ್ದದ್ದನ್ನು ಬಾಚಿ
ಪೈನ್ ಸೂಜಿ ಒಂದು ಚೀಲಕ್ಕೆ, ಬೀಚ್ ಎಲೆ ಇನ್ನೊಂದಕ್ಕೆ,
ಚಕ್ಕೆ, ಸಿಪ್ಪೆ, ಹಕ್ಕಿಗರಿ ಮೂರನೆಯದಕ್ಕೆ.
ಊರಲ್ಲಿ ನನಗೆ ಕಸದ ಇಡೋಯಾ ಎನ್ನುತ್ತಾರೆ.
ಸರಿಯೇ.

ಚೀಲ ಹಿಡಿಯಲು ಸಾತುರ್ನಿನೋ ಬರುತ್ತಾರೆ, ಎಂಬತ್ತಾರು ವಯಸ್ಸು.
ಹಿಂದೆ ಮರ ಕಡಿಯುತ್ತಿದ್ದವರು. ಅವರಪ್ಪ
ದಿಮ್ಮಿಗೆ ದಿಮ್ಮಿ ಬಿಗಿದು ತೆಪ್ಪ ಕಟ್ಟಿ
ಹಿಮ ಕರಗಿ ಹೊಳೆ ಉಕ್ಕಿದಾಗ ಅದರ ಮೇಲೇ ನಿಂತು
ಬಯಲಿನ ಪೇಟೆಗೆ ಹೋಗುತ್ತಿದ್ದರಂತೆ.
ಬರುವಾಗ ನಡೆದು.

"ಇಲ್ಲಿ ಕಾಡೆಲ್ಲಿತ್ತು? ಬರೀ ಹುಲ್ಲು. ನಮ್ಮ ಮುನ್ನೂರು ಕುರಿ.
ಕುರಿ ಮಾರಿದ ಮರುವರ್ಷವೇ ಪೈನ್ ಬಂತು,
ಯಾರೂ ಕರೆಯದೆ, ಗಾಳಿ ಹತ್ತಿ."

ನಿಜ. ಪೈನಿಗೆ ಬಿಸಿಲೇ ಅನ್ನ.
ತನ್ನವರ ನೆರಳೂ ಅದಕ್ಕಾಗದು.
ಕೆಳಗಿನ ಕೊಂಬೆಗಳನ್ನು ಒಣಗಲು ಬಿಟ್ಟು
ತುದಿಗೆ ಓಡುತ್ತದೆ; ಆ ಎತ್ತರದಲ್ಲಿ
ಕಿತ್ತಳೆ ತೊಗಟೆ ಸಂಜೆಗೊಮ್ಮೆ ಹೊತ್ತಿಕೊಳ್ಳುತ್ತದೆ.

ಬೀಚ್, ಜೇ ಹಕ್ಕಿ ಹೂತು ಮರೆತ ಕಾಯಿಯಿಂದ
ಆ ಪೈನಿನ ಕಾಲಬುಡದಲ್ಲೇ ಕಣ್ಣು ಬಿಡುತ್ತದೆ.
ಮೇಲಿಂದ ಜಾರಿದ ಬಿಸಿಲಿನ ಚಿಲ್ಲರೆ ಆಯಲು
ಎಲೆಗಳನ್ನು ಅಡ್ಡಡ್ಡ ಹಾಸಿಟ್ಟು
ಬದುಕಿರುತ್ತದೆ. ಬದುಕಿರುತ್ತದೆ, ಅಷ್ಟೆ.

ಪೈನುಗಳಲ್ಲಿ ಮೂರಕ್ಕೊಂದನ್ನು ಕಡಿಸಿದ ವರ್ಷ
ಉರುಳಿದ ದಿಮ್ಮಿಯಡಿ ಒಂದು ಬೀಚ್ ಸಸಿ ಮುರಿಯಿತು.
ನನ್ನ ಸೊಂಟದೆತ್ತರ, ಹೆಬ್ಬೆರಳ ದಪ್ಪ.
"ಪಾಪ, ಕೂಸು," ಎಂದರು ಸಾತುರ್ನಿನೋ.
ಬುಡವನ್ನು ಬ್ಲೇಡಿನಲ್ಲಿ ಅಡ್ಡ ಕೊಯ್ದು
ಭೂತಗನ್ನಡಿ ಹಿಡಿದು ಎಣಿಸಿದೆ.
ಕೂದಲೆಳೆಗೆ ಕೂದಲೆಳೆ ಒತ್ತಿ ಕೂತ ಉಂಗುರಗಳು
ನಲವತ್ತೊಂದು.
ನನಗಿಂತ ನಾಲ್ಕು ವರ್ಷ ಹಿರಿದು.
ಅವರು ಟೋಪಿ ತೆಗೆದರು,
ತಲೆ ಕೆರೆದುಕೊಳ್ಳಲೋ, ಇನ್ಯಾಕೋ.

ಕಡಿದಲ್ಲಿ ಬೆಳಕಿನ ಬಾವಿ ಬಿತ್ತು.
ಉಳಿದ ಬೀಚ್ ಸಸಿಗಳು ಮೊದಲ ಬೇಸಿಗೆ ಬೆದರಿದವು,
ಎಲೆಯಂಚು ಸುಟ್ಟುಕೊಂಡವು.
ಎರಡನೆಯ ಬೇಸಿಗೆಗೆ ಒಂದು ಗೇಣು.
ನನ್ನ ಟೇಪನ್ನು ನಂಬದೆ ಅವರು
ಗೇಣು ಹಾಕಿಯೇ ನೋಡಿದರು, ಎರಡು ಸಲ.

"ಹಾಗಾದರೆ ಪೈನಿನ ಕಾಲ ಮುಗಿಯಿತು?"
ಗೊತ್ತಿಲ್ಲ, ಎಂದೆ. ಬೀಚಿಗೆ ದಾಹ ಹೆಚ್ಚು,
ಬೇಸಿಗೆಗಳು ಉದ್ದವಾಗುತ್ತಿವೆ.
ಬಿರುಗಾಳಿಯೊಂದು ಬೆಟ್ಟದ ಹೆಗಲನ್ನು ಬೋಳಿಸಿದರೆ
ಪೈನ್ ಮತ್ತೆ ಹಾರಿ ಬಂದೀತು.
ಮೇಲೆ ಒಂದು, ಕೆಳಗೆ ಒಂದು,
ಹೀಗೇ ಇನ್ನೊಂದು ನೂರು ವರ್ಷ ನಿಂತರೂ ನಿಂತಾವು.
"ಗೊತ್ತಿಲ್ಲ ಅನ್ನುವುದಕ್ಕೂ ಸಂಬಳ ಕೊಡುತ್ತಾರಾ?"
ಕೊಡುತ್ತಾರೆ. ಕಡಿಮೆ.

ಮಣ್ಣಿಗಂತೂ ಈ ವ್ಯಾಜ್ಯ ಮುಟ್ಟಿಲ್ಲ.
ಸೂಜಿ ವರ್ಷಗಟ್ಟಲೆ ಹುಳಿಯಾಗಿ ಕೂತಿರುತ್ತದೆ,
ಬೀಚ್ ಎಲೆಗೂ ಕೊಳೆಯುವ ಅವಸರವಿಲ್ಲ.
ಕೆದಕಿದರೆ ನಡುವೆ ಬಿಳಿ ಬೂಷ್ಟಿನ ನೂಲು,
ಇದನ್ನು ಅದಕ್ಕೆ ಸೇರಿಸಿ
ಯಾರೋ ಕತ್ತಲಲ್ಲಿ ಹೊಲಿಯುತ್ತಿರುವ ಹಾಗೆ.

ನವೆಂಬರ್. ಹದಿನಾಲ್ಕನೇ ಬಲೆ.
ಸೂಜಿ, ಹನ್ನೊಂದು ಗ್ರಾಂ.
ಎಲೆ, ನಲವತ್ತಾರು.
ಕೋಟಿನ ಗುಂಡಿ, ಒಂದು.
ಗುಂಡಿಗೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ.
ಆದರೂ ತೂಗಿದೆ. ಒಂದೂವರೆ.
ಕೆಳಗೆ, ಎದೆಯ ಬಳಿ ಕೋಟು ಮುಷ್ಟಿಯಲ್ಲಿ ಹಿಡಿದು ನಿಂತ ಸಾತುರ್ನಿನೋ
ಈ ಸಲ ಚಳಿ ಬೇಗ ಬಂತು
ಎನ್ನುತ್ತಿದ್ದಾರೆ.